ಕಲಬುರಗಿಯ ಬಿಸಿಲಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಓಡಿಸಬಹುದಾ? ಬ್ಯಾಟರಿ ಕೆಡೋದಿಲ್ವಾ?

ಬೆಂಗಳೂರಿನಿಂದ ಕಲಬುರಗಿಗೆ ವರ್ಗವಾಗಿ ಬಂದಿದ್ದೀರಿ. ಎಲೆಕ್ಟ್ರಿಕ್ ಸ್ಕೂಟರನ್ನೂ ಜೊತೆಗೆ ತಂದಿದ್ದೀರಿ. ಏಪ್ರಿಲ್ ಬಿಸಿಲು ನೋಡಿ ಗಾಬರಿಯಾಗಿದೆ. ಬ್ಯಾಟರಿಗೆ ಬೆಂಕಿ ಹತ್ತುತ್ತಾ, ಮೈಲೇಜ್ ಬೀಳುತ್ತಾ, ಮನೆಗೆ ಬಂದ ಮೇಲೆ ನೀರು ಹಾಕಿ ತಂಪು ಮಾಡಬಹುದಾ, ಮೇ ತಿಂಗಳಲ್ಲಿ ರಜೆ ಹಾಕಿ ಊರಿಗೆ ಹೋಗುವಾಗ ಗಾಡಿ ಹೇಗೆ ಬಿಟ್ಟು ಹೋಗಬೇಕು ಅಂತ ಒಂದೇ ಉಸಿರಿಗೆ ಕೇಳಿದ್ದೀರಿ.

ನಾನು ಇದೇ ಊರಿನವನು. ಇಲ್ಲಿನ ಬೇಸಿಗೆಯಲ್ಲೇ ಇಂಥ ಗಾಡಿ ಓಡಿಸುತ್ತೇನೆ. ಓಡಿಸಲು ಹೆದರಬೇಡಿ. ಬಿಸಿಲುಕಾಲದಲ್ಲಿ ಬ್ಯಾಟರಿಯ ಆಯಸ್ಸು ತಿನ್ನುವ ಸಂಗತಿಗಳು ಮುಖ್ಯವಾಗಿ ಎರಡು: ಗಾಡಿ ದಿನವಿಡೀ ಎಲ್ಲಿ ನಿಂತಿರುತ್ತದೆ, ಯಾವ ಹೊತ್ತಲ್ಲಿ ಚಾರ್ಜಿಗೆ ಹಾಕುತ್ತೀರಿ. ಇವೆರಡನ್ನು ಸರಿಮಾಡಿಕೊಂಡರೆ ಮುಕ್ಕಾಲು ಚಿಂತೆ ಹೋದಂತೆ.

ಚಾರ್ಜಿಂಗ್‌ನಿಂದ ಶುರು ಮಾಡೋಣ. ಸಾಮಾನ್ಯ ಲಿಥಿಯಂ ಸೆಲ್‌ಗಳು ಓಡುವಾಗ ಸುಮಾರು 60 ಡಿಗ್ರಿಯವರೆಗೂ ತಡೆಯುತ್ತವೆ. ಆದರೆ ಚಾರ್ಜ್ ಆಗುವಾಗ ಅವುಗಳ ಮಿತಿ 45 ಡಿಗ್ರಿ ಆಸುಪಾಸು. ಈಗ ಇಲ್ಲಿನ ಲೆಕ್ಕ ನೋಡಿ. ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 42, 43. ಓಡಿಸಿಕೊಂಡು ಬಂದ ಬ್ಯಾಟರಿ ಅದಕ್ಕಿಂತ ಬಿಸಿ ಇರುತ್ತದೆ. ಅಂದರೆ ಮನೆಗೆ ಬಂದ ತಕ್ಷಣ ಪ್ಲಗ್ ಚುಚ್ಚಿದರೆ ನೀವು ಮಿತಿಯ ಅಂಚಿನಲ್ಲೋ ಅದರ ಆಚೆಗೋ ಇರುತ್ತೀರಿ.

ನೀವು ಸರ್ಕಾರಿ ನೌಕರರು ಅಂದಿರಿ. ಬೇಸಿಗೆಯಲ್ಲಿ ನಮ್ಮ ಕಡೆ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಬಿಸಿಲು ತಪ್ಪಲಿ ಅಂತ ಮಾಡಿದ ವ್ಯವಸ್ಥೆ, ಆದರೆ ಕೆಲಸ ಮುಗಿಸಿ ಹೊರಗೆ ಬರುವುದು ಸರಿಯಾಗಿ ನಡುಬಿಸಿಲಿಗೆ! ಎರಡು ಗಂಟೆಗೆ ಮನೆ ಸೇರುತ್ತೀರಿ, ಗಾಡಿ ಚಾರ್ಜಿಗೆ ಹಾಕಿ ಉಂಡು ಮಲಗೋಣ ಅನ್ನಿಸುತ್ತದೆ. ಅದೊಂದನ್ನು ಬಿಟ್ಟುಬಿಡಿ. ಒಳ್ಳೆಯ ಗಾಡಿಯಾದರೆ ಒಳಗಿನ ಬಿಎಂಎಸ್ಸೇ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ತಡೆಯುತ್ತದೆ. ಚಾರ್ಜರ್ ಮೇಲೆ ದೀಪ ಉರಿಯುತ್ತಿರುತ್ತದೆ, ಶೇಕಡಾವಾರು ಮಾತ್ರ ಅಲ್ಲೇ ನಿಂತಿರುತ್ತದೆ, ಇಲ್ಲವೇ ಆಮೆ ವೇಗದಲ್ಲಿ ಏರುತ್ತದೆ. ಗಾಡಿ ಕೆಟ್ಟಿದೆ ಅಂತ ಶೋರೂಮಿಗೆ ಫೋನ್ ಮಾಡುವವರು ಜಾಸ್ತಿ. ಕೆಟ್ಟಿರುವುದಿಲ್ಲ, ತಣ್ಣಗಾಗಲಿ ಅಂತ ಕಾಯುತ್ತಿರುತ್ತದೆ, ಅಷ್ಟೇ.

ನಾನು ಬೆಳಗಿನ ಜಾವ ಚಾರ್ಜ್ ಮಾಡುತ್ತೇನೆ. ನಾಲ್ಕೂವರೆ, ಐದಕ್ಕೆ ಎಚ್ಚರ ಆಗುವ ಅಭ್ಯಾಸ ಇದ್ದರೆ ಆಗ ಸ್ವಿಚ್ ಒತ್ತಿ. ಆ್ಯಪ್‌ನಲ್ಲಿ ಸಮಯ ಹಾಕಿಡುವ ಸೌಲಭ್ಯ ಇದ್ದರೆ ಇನ್ನೂ ಸಲೀಸು. ಇಡೀ ದಿನದಲ್ಲಿ ಅತಿ ತಂಪಿನ ಹೊತ್ತು ಅದು. ಇನ್ನೊಂದು ಲಾಭವೂ ಇದೆ. ಬಿಸಿ ಮತ್ತು ಫುಲ್ ಚಾರ್ಜ್ ಎರಡೂ ಕೂಡಿದರೆ ಬ್ಯಾಟರಿ ಬೇಗ ಸವೆಯುತ್ತದೆ. ಬೆಳಿಗ್ಗೆ ತುಂಬಿಸಿ ಕೂಡಲೇ ಹೊರಟರೆ ನೂರರಲ್ಲಿ ಸುಮ್ನೆ ಕೂತಿರುವ ಸಮಯ ಕಡಿಮೆ. ದಿನಕ್ಕೆ ಮೂವತ್ತು ಕಿಲೋಮೀಟರ್ ಅಂದಿರಿ, ಅಷ್ಟಕ್ಕೆ ಶೇಕಡಾ ಎಂಬತ್ತು ಚಾರ್ಜ್ ಸಾಕು. ಎಲ್‌ಎಫ್‌ಪಿ (ಲಿಥಿಯಂ ಬ್ಯಾಟರಿಯ ಒಂದು ಬಗೆ) ಬ್ಯಾಟರಿ ಇದ್ದರೆ ಮಾತ್ರ ಆಗಾಗ ನೂರು ತುಂಬಿಸಿ, ಇಲ್ಲದಿದ್ದರೆ ಉಳಿದದ್ದೆಷ್ಟು ಅಂತ ಮೀಟರ್ ತೋರಿಸುವ ಲೆಕ್ಕ ತಪ್ಪುತ್ತದೆ. ನಿಮ್ಮದು ಯಾವುದು ಅಂತ ಗಾಡಿಯ ಪುಸ್ತಕದಲ್ಲಿ ನೋಡಿ. ಇನ್ನೊಂದು ಬಗೆಯಾದ ಎನ್‌ಎಂಸಿಗಿಂತ ಎಲ್‌ಎಫ್‌ಪಿ ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಆದರೆ ಅಷ್ಟೇ ಶಕ್ತಿಗೆ ತೂಕ ಜಾಸ್ತಿ.

ಇನ್ನು ನಿಲ್ಲಿಸುವ ಜಾಗ. ನೆರಳು ಅಂದ ಕೂಡಲೇ ಎಲ್ಲರೂ ತಗಡಿನ ಶೆಡ್ ಕಡೆ ಹೋಗುತ್ತಾರೆ. ಕಚೇರಿಗಳ ಹಿಂದೆ ಇರುತ್ತಲ್ಲ, ನಾಲ್ಕು ಕಂಬದ ಮೇಲೆ ತಗಡು ಹೊದಿಸಿದ್ದು, ಅದೇ. ಹನ್ನೆರಡು ಗಂಟೆಗೆ ಅದರ ಕೆಳಗೆ ನಿಂತು ನೆತ್ತಿಯ ಮೇಲೆ ಅಂಗೈ ಎತ್ತಿ ಹಿಡಿಯಿರಿ. ತಗಡಿನ ಶಾಖ ಕೈಗೆ ಬಡಿಯುತ್ತದೆ. ಅಲ್ಲಿ ನಿಂತ ಗಾಡಿಯ ಸೀಟು ಎತ್ತಿದರೆ ಮುಖಕ್ಕೆ ಬಿಸಿಗಾಳಿ ಹೊಡೆಯುತ್ತದೆ, ಡಿಕ್ಕಿಯಲ್ಲಿಟ್ಟ ನೀರಿನ ಬಾಟಲಿ ಚಹಾಕ್ಕೆ ಕಾಯಲು ಇಟ್ಟ ನೀರಿನ ಹಾಗೆ ಆಗಿರುತ್ತದೆ. ಅದೇ ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸಿ ನೋಡಿ. ಎಲೆಯ ನೆರಳು ಸುಡುವುದಿಲ್ಲ, ಗಾಳಿಯೂ ಆಡುತ್ತದೆ. ಹಕ್ಕಿ ಹಿಕ್ಕೆ ಬೀಳುತ್ತದೆ, ಒರೆಸಿಕೊಳ್ಳಿ. ಹನ್ನೊಂದರ ಮೇಲೆ ನೆರಳು ಯಾವ ಕಡೆ ಸರಿಯುತ್ತದೆ ಅಂತ ಒಂದು ದಿನ ಗಮನಿಸಿ, ಆ ಕಡೆಯೇ ನಿಲ್ಲಿಸಿ. ಮರ ಇಲ್ಲದಿದ್ದರೆ ಕಟ್ಟಡದ ಪೂರ್ವದ ಗೋಡೆ ಪಕ್ಕ ನಿಲ್ಲಿಸಿ. ಬೆಳಿಗ್ಗೆ ಬಿಸಿಲು ಬಿದ್ದರೂ ಮಧ್ಯಾಹ್ನದ ಮೇಲೆ ಗೋಡೆಯ ನೆರಳು ಆ ಕಡೆಗೇ ಬರುತ್ತದೆ. ರೆಕ್ಸಿನ್ ಕವರ್ ಮುಚ್ಚಬೇಡಿ, ಒಳಗೆ ಶಾಖ ಕಟ್ಟಿಕೊಳ್ಳುತ್ತದೆ. ಹಳೇ ಕಾಟನ್ ಲುಂಗಿಯೋ ಪಂಚೆಯೋ ಸೀಟು ಮತ್ತು ಡಿಸ್‌ಪ್ಲೇ ಮೇಲೆ ಹಾಕಿ, ಸಾಕು.

ಬಿಚ್ಚಿ ತೆಗೆಯುವ ಬ್ಯಾಟರಿಯಾದರೆ ಮನೆಯೊಳಗೆ ಒಯ್ದು ನೆಲದ ಮೇಲಿಡಿ. ನಮ್ಮ ಕಡೆಯ ಶಹಾಬಾದ್ ಕಲ್ಲಿನ ನೆಲ ಬೇಸಿಗೆಯಲ್ಲೂ ತಂಪು. ಹಾಸಿಗೆ, ಸೋಫಾ ಮೇಲೆ ಬೇಡ. ಅಡುಗೆಮನೆ ಬೇಡ. ಹೊರಬಾಗಿಲ ದಾರಿಯಲ್ಲಂತೂ ಇಡಲೇಬೇಡಿ, ಏನಾದರೂ ಆದರೆ ಓಡಿಹೋಗಲು ಅದೇ ದಾರಿ ಅಲ್ವಾ.

ಹಾಗಾದರೆ ಬೆಂಕಿ? ನಿಮ್ಮ ಹೆದರಿಕೆ ಎಲ್ಲಿಂದ ಬಂತು ಅಂತ ಗೊತ್ತು. 2022ರ ಮಾರ್ಚ್, ಏಪ್ರಿಲ್‌ನಲ್ಲಿ ದೇಶದ ಬೇರೆ ಬೇರೆ ಕಡೆ ಸ್ಕೂಟರ್‌ಗಳು ಹೊತ್ತಿ ಉರಿದ ವಿಡಿಯೋಗಳನ್ನು ಎಲ್ಲರೂ ನೋಡಿದ್ದಾರೆ. ಅದಾದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿಯ ನಿಯಮಗಳನ್ನು ಬಿಗಿ ಮಾಡಿತು. ಎಐಎಸ್-156 ಅನ್ನುವ ಮಾನದಂಡದ ತಿದ್ದುಪಡಿ 2022ರ ಡಿಸೆಂಬರ್ 1ರಿಂದ ಒಂದು ಹಂತ, 2023ರ ಮಾರ್ಚ್ 31ರಿಂದ ಇನ್ನೊಂದು ಹಂತ ಅಂತ ಜಾರಿಗೆ ಬಂತು. ಒಂದು ಸೆಲ್ ಕೆಟ್ಟರೆ ಬೆಂಕಿ ಪಕ್ಕದ ಸೆಲ್‌ಗಳಿಗೆ ಹಬ್ಬುತ್ತದೆಯೇ ಅನ್ನುವ ಪರೀಕ್ಷೆಯೂ ಅದರಲ್ಲಿ ಸೇರಿತು. ನಿಮ್ಮ ಗಾಡಿ ಅದರ ನಂತರ ತಯಾರಾಗಿದ್ದರೆ ಅಷ್ಟರಮಟ್ಟಿಗೆ ನೆಮ್ಮದಿ. ಬರೀ ಬಿಸಿಲಿಗೆ ಬ್ಯಾಟರಿ ಹೊತ್ತಿಕೊಳ್ಳುವುದಿಲ್ಲ. ಒಳಗೆ ಸೆಲ್ ದೋಷವೋ, ಪೆಟ್ಟು ಬಿದ್ದದ್ದೋ, ನೀರು ಹೊಕ್ಕಿದ್ದೋ, ಕಳಪೆ ಚಾರ್ಜರೋ ಇರಬೇಕು. ಬಿಸಿಲು ಅದನ್ನು ಇನ್ನಷ್ಟು ಕೆರಳಿಸುತ್ತದೆ. ಆದ್ದರಿಂದ ಸೋವಿ ಚಾರ್ಜರ್ ಬೇಡ, ಬೀದಿ ಅಂಗಡಿಯಲ್ಲಿ ಬ್ಯಾಟರಿ ಬಿಚ್ಚಿಸುವುದು ಬೇಡ. ಬ್ಯಾಟರಿ ಊದಿಕೊಂಡಿದ್ದರೆ, ವಿಚಿತ್ರ ವಾಸನೆ ಬಂದರೆ, ಬುಸ್ ಅಂತ ಸದ್ದು ಬಂದರೆ ಚಾರ್ಜ್ ಮಾಡಲೇಬೇಡಿ. ಹೊಗೆ ಬಂದರೆ ದೂರ ಹೋಗಿ 112ಕ್ಕೆ ಕರೆ ಮಾಡಿ. ಆ ಹೊಗೆ ವಿಷ, ಹತ್ತಿರ ನಿಂತು ವಿಡಿಯೋ ಮಾಡುವಂಥದ್ದಲ್ಲ.

ಸಾಕೆಟ್ ಕೂಡ ನೋಡಿಕೊಳ್ಳಿ. ಬಾಡಿಗೆ ಮನೆ ಅಂದಿರಿ. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿ ಕೂಲರ್ ಮತ್ತು ಗಾಡಿ ಎರಡನ್ನೂ ಅದಕ್ಕೇ ಚುಚ್ಚುವುದು ಇಲ್ಲಿ ಮನೆಮನೆಯಲ್ಲೂ ಕಾಣುತ್ತದೆ. ಅರ್ಧ ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಆ ಸಾಕೆಟ್ ಬದಲಾಯಿಸಿ.

ಮೈಲೇಜ್ ವಿಷಯ ಸಣ್ಣದು. ಬಿಸಿಲಿಗೆ ಮೈಲೇಜ್ ಅಷ್ಟೇನೂ ಬೀಳುವುದಿಲ್ಲ, ಅದನ್ನು ಬೀಳಿಸುವುದು ಚಳಿ. ಆದರೆ ಬ್ಯಾಟರಿ, ಮೋಟಾರ್, ಕಂಟ್ರೋಲರ್ ಯಾವುದು ಬಿಸಿಯಾದರೂ ಗಾಡಿ ತಾನೇ ಪಿಕಪ್ ಕಡಿಮೆ ಮಾಡುತ್ತದೆ. ಹಿಂದೆ ಒಬ್ಬರು, ಮುಂದೆ ಜೋಳದ ಚೀಲ, ಮೇಲೆ ಫುಲ್ ಎಕ್ಸಲರೇಟರ್ ಆದರೆ ಮಧ್ಯಾಹ್ನ ಖಂಡಿತ ಹಾಗಾಗುತ್ತದೆ. ಕರೆಂಟ್ ಎರಡು ಪಟ್ಟಾದರೆ ಅದರಿಂದ ಹುಟ್ಟುವ ಬಿಸಿ ನಾಲ್ಕು ಪಟ್ಟು. ಇಕೋ ಮೋಡಿನಲ್ಲಿ ನಲವತ್ತರ ವೇಗದಲ್ಲಿ ಬನ್ನಿ. ಒಂದು ಸುಖ ಮಾತ್ರ ನಮಗೇ ಮೀಸಲು: ಸಿಗ್ನಲ್‌ನಲ್ಲಿ ನಿಂತಾಗ ಕಾಲಿಗೆ ಬಡಿಯಲು ನಮ್ಮ ಗಾಡಿಯಲ್ಲಿ ಇಂಜಿನ್ ಇಲ್ಲ.

ಟಯರ್ ಗಾಳಿಯನ್ನು ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ನೋಡಿ. ಮಧ್ಯಾಹ್ನ ನೋಡಿದರೆ ಜಾಸ್ತಿ ತೋರಿಸುತ್ತದೆ. ಆಗ ಗಾಳಿ ಬಿಡಬೇಡಿ, ತಣ್ಣಗಾದಾಗ ಕಡಿಮೆಯಾಗಿ ಟಯರ್ ಸವೆಯುತ್ತದೆ.

ನೀರು ಹಾಕುವ ವಿಚಾರ. ಬೇಡ. ಬ್ಯಾಟರಿ ದಪ್ಪ ಪೆಟ್ಟಿಗೆಯೊಳಗೆ ಇರುತ್ತದೆ, ಮೇಲೆ ಸುರಿದ ಒಂದು ಬಕೆಟ್ ನೀರಿನಿಂದ ಒಳಗಿನ ಬಿಸಿ ಇಳಿಯುವುದಿಲ್ಲ. ಚಾರ್ಜಿಂಗ್ ಪೋರ್ಟಿಗೆ ನೀರು ಹೋದರೆ ಬೇರೆ ತಲೆನೋವು. ನೀರು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ67 ಗುರುತು ಬರೆದಿರುತ್ತದೆ ನಿಜ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ಮಾಡುವ ಪರೀಕ್ಷೆ ಅದು. ಪ್ರೆಷರ್ ಪಂಪಿನ ಹೊಡೆತಕ್ಕೆ ಬೇರೆ ಪರೀಕ್ಷೆ ಇದೆ. ನೀರು ನೀವು ಕುಡಿಯಿರಿ. ಹೊರಡುವ ಮುಂಚೆ ಒಂದು ದೊಡ್ಡ ಲೋಟ ಮಜ್ಜಿಗೆ, ಮೈಗೆ ತುಂಬುತೋಳಿನ ಕಾಟನ್ ಅಂಗಿ, ಹೆಲ್ಮೆಟ್ ಒಳಗೆ ತೆಳ್ಳನೆ ಬಟ್ಟೆ. ತಲೆ ಸುತ್ತಿದಂತಾದರೆ ಮನೆ ಹತ್ತಿರ ಬಂತು ಅಂತ ಎಳೆಯಬೇಡಿ, ನೆರಳು ನೋಡಿ ನಿಲ್ಲಿಸಿ.

ಕೊನೆಗೆ ರಜೆಯ ಪ್ರಶ್ನೆ. ಹೋಗುವ ಹಿಂದಿನ ದಿನ ನೂರು ತುಂಬಿಸಬೇಡಿ, ಐವತ್ತು ಅರವತ್ತಕ್ಕೆ ಬಿಡಿ. ಪೂರ್ತಿ ಇಳಿಸಿಯೂ ಹೋಗಬೇಡಿ. ನಿಂತ ಗಾಡಿಯೂ ಆ್ಯಪ್‌ಗಾಗಿ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಿರುತ್ತದೆ, ಸೊನ್ನೆಗಿಂತ ಕೆಳಗೆ ಹೋದ ಬ್ಯಾಟರಿಯನ್ನು ಎಬ್ಬಿಸುವುದು ಕಷ್ಟ. ಚಾರ್ಜರ್ ಪ್ಲಗ್ ತೆಗೆದಿಡಿ. ಗಾಡಿಯನ್ನು ಒಳಗಿನ ಪಡಸಾಲೆಗೆ ತಳ್ಳಿ, ಮಾಲೀಕರು ಬೇಡ ಅಂದರೆ ನೆಲಮಹಡಿಯ ಮೆಟ್ಟಿಲ ಕೆಳಗಾದರೂ ಸರಿ, ಆದರೆ ಓಡಾಡುವ ದಾರಿ ಕಟ್ಟದ ಹಾಗೆ. ತಿಂಗಳು ಮೀರಿದರೆ ಪಕ್ಕದ ಮನೆಯವರಿಗೆ ಕೀ ಕೊಟ್ಟು ಹೋಗಿ, ಇಪ್ಪತ್ತಕ್ಕೆ ಇಳಿದರೆ ಒಂದು ಬೆಳಿಗ್ಗೆ ಅರ್ಧದವರೆಗೆ ಚಾರ್ಜ್ ಮಾಡಿ ತೆಗೆಯಲು ಹೇಳಿ.