ನೀವು ಕೇಳಿದ್ರಿ: ಮೈಯೇ ಇಲ್ಲದ ದೇವದೂತರು

ಹೋದ ಸಂಚಿಕೆಯಲ್ಲಿ ಚೌಡಿ ಬನದ ಬಗ್ಗೆ ಯಾರೋ ಕೇಳಿದ್ದಕ್ಕೆ ಉತ್ತರ ಬರೀತಾ, ಕ್ರೈಸ್ತರ ದೇವದೂತರಿಗೆ ಮೈಯೇ ಇಲ್ಲ ಅಂತ ಒಂದು ಸಾಲು ಸೇರಿಸಿಬಿಟ್ಟಿದ್ದೆ ನೋಡಿ, ಚೌಡಿ ಮರ್ತೋಯ್ತು, ಎಲ್ರೂ ಆ ಸಾಲನ್ನೇ ಹಿಡ್ಕೊಂಡಿದಾರೆ. ಆಯ್ತು, ಈ ಸಲ ಪೂರ್ತಿ ಅದೇ.

ಪ್ರಶ್ನೆ: ಮೈ ಇಲ್ಲ ಅಂದ್ರೆ ಮಂಜಿನ ತರ ಇರ್ತಾರಾ? ಹಾಗಿದ್ರೆ ಚಿತ್ರದಲ್ಲಿ ರೆಕ್ಕೆ ಯಾಕೆ ಬಿಡಿಸ್ತಾರೆ? (ಬಿ.ಎ. ವಿದ್ಯಾರ್ಥಿನಿ, ಶಿವಮೊಗ್ಗ)

ಮಂಜು ಅಂದ್ರಲ್ಲ, ಎಲ್ರೂ ಜಾರೋದು ಅಲ್ಲೇ. ನಾವು ಮಲೆನಾಡಿನವರಿಗೆ ಮಂಜು ನೋಡಿ ನೋಡಿ, ಕೈಗೆ ಸಿಗದೇ ಇರೋದೆಲ್ಲ ಯಾವ್ದೋ ತೆಳ್ಳಗಿನ ವಸ್ತು ಅಂತ ತಲೇಲಿ ಕೂತಿದೆ. ಬೆಳಗಿನ ಜಾವ ಆಗುಂಬೆ ಘಾಟಿಲಿ ಬೈಕ್ ಓಡ್ಸಿ, ಹೆಲ್ಮೆಟ್ ಗ್ಲಾಸ್ ಒರ್ಸಿ ಒರ್ಸಿ ಸಾಕಾಗತ್ತೆ, ಯಾಕಂದ್ರೆ ಅದು ನೀರಿನ ಹನಿ, ಅದಕ್ಕೆ ತೂಕ ಇದೆ. ಗಾಳಿಗೂ ತೂಕ ಇದೆ. ಎಷ್ಟು ತೆಳ್ಳಗೆ ಮಾಡಿದ್ರೂ ವಸ್ತು ವಸ್ತುನೇ. 13ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಪಾಠ ಮಾಡ್ತಿದ್ದ ಇಟಲಿಯ ಪಾದ್ರಿ ಥಾಮಸ್ ಅಕ್ವಿನಾಸ್ ಹೇಳೋದು ಅದಲ್ಲ. ತೆಳು ಅಲ್ಲ ಮಾರಾಯ್ರೆ, ವಸ್ತುನೇ ಇಲ್ಲ ಅಂತಾನೆ.

ಅವನು ಅರಿಸ್ಟಾಟಲ್‌ನ ಲೆಕ್ಕ ಹಿಡ್ಕೊಂಡು ಹೋಗ್ತಾನೆ. ಮಡಕೆ ಅಂದ್ರೆ ಮಣ್ಣು ಮತ್ತೆ ಅದಕ್ಕೊಂದು ರೂಪ, ಎರಡು ಸೇರಿದ್ರೇ ಮಡಕೆ. ದೇವದೂತ ಅಂದ್ರೆ ಮಣ್ಣಿಲ್ಲದ ಬರೀ ರೂಪ. ಇದೆಂಥ ಕಟ್ಟುಕತೆ ಅನ್ಸತ್ತೆ, ನಂಗೂ ಮೊದ್ಲು ಹಾಗೇ ಅನ್ಸಿತ್ತು, ಆದ್ರೆ ಅವನ ವಾದ ಸ್ವಲ್ಪ ನಿಧಾನಕ್ಕೆ ಕೇಳಿ. ಬೋರ್ಡಿನ ಮೇಲೆ ಮೇಷ್ಟ್ರು ಬರೆದ ತ್ರಿಕೋನಕ್ಕೆ ಅಳತೆ ಇದೆ, ಚಾಕ್‌ಪೀಸಿನ ಪುಡಿ ಇದೆ, ಒಂದು ಗೆರೆ ಸೊಟ್ಟ ಇದೆ. ಆದ್ರೆ ನಿಮಗೆ "ತ್ರಿಕೋನ ಅಂದ್ರೆ ಏನು" ಅಂತ ಅರ್ಥ ಆಯ್ತಲ್ಲ, ಆ ಅರ್ಥಕ್ಕೆ ಎಷ್ಟು ಇಂಚು? ಅರಿಯೋ ಕೆಲಸ ಮೈಯಿಂದ ಆಗೋ ಕೆಲಸ ಅಲ್ಲ, ಮನುಷ್ಯನಿಗೆ ಕಣ್ಣು ಕಿವಿ ಬೇಕಾಗೋದು ಅರಿವಿಗೆ ಸಾಮಾನು ಒದಗಿಸೋಕೆ ಅಷ್ಟೇ, ಹಂಗಾದ್ಮೇಲೆ ಮೈಯ ಹಂಗೇ ಇಲ್ಲದೆ ಅರಿಯೋ ಜೀವಿ ಇರೋಕೆ ಅಡ್ಡಿ ಇಲ್ಲ, ಅಂಥವು ಇಲ್ದಿದ್ರೆ ಸೃಷ್ಟಿನೇ ಪೂರ್ತಿ ಆಗಲ್ಲ ಅಂತ ಅವನ ಮಾತು. ಕೊನೇ ತುಂಡು ನಂಗೆ ಅಷ್ಟು ಗಟ್ಟಿ ಕಾಣಲ್ಲ, ಪೂರ್ತಿ ಆಗ್ಲೇಬೇಕು ಅಂತ ಯಾರು ಹೇಳಿದ್ದು?

ಹಂಗಂತ ದೇವದೂತ ದೇವರಲ್ಲ. ಅವನ ಇರವೇ ಎರವಲು, ದೇವರು ಕೊಟ್ಟಿದ್ದು. ಅದೇ ಕಾಲದಲ್ಲಿ ಬೊನವೆಂಚರ್ ಅನ್ನೋ ಇನ್ನೊಬ್ಬ ಪಂಡಿತ, ಇಲ್ಲ ಇಲ್ಲ, ದೇವದೂತರಲ್ಲೂ ಒಂದು ತರದ ಆಧ್ಯಾತ್ಮಿಕ ದ್ರವ್ಯ, ಅಂದ್ರೆ ಮಡಕೆಗೆ ಮಣ್ಣಿದ್ದಂಗೆ ಏನೋ ಒಂದು, ಇರ್ಲೇಬೇಕು ಅಂದ. ಇಬ್ರೂ ತೀರ್ಕೊಂಡಿದ್ದು 1274ರಲ್ಲೇ, ಜಗಳ ಮಾತ್ರ ಶಿಷ್ಯರ ಕೈಗೆ ಬಂತು.

ರೆಕ್ಕೆ ವಿಷಯ: ನಮ್ಮ ಮಾತಲ್ಲೇ ಇದೆ ನೋಡಿ, ದೇವ-ದೂತ. ಗ್ರೀಕಿನ ಮೂಲ ಪದಕ್ಕೂ ಸುದ್ದಿ ತರೋನು ಅಂತಾನೇ ಅರ್ಥ. ಅದು ಕೆಲಸದ ಹೆಸರು, ಸ್ವಭಾವದ ಹೆಸರಲ್ಲ, ಸ್ವಭಾವ ಕೇಳಿದ್ರೆ ಚೇತನ ಅಂತ ಥಾಮಸ್‌ಗಿಂತ ಎಷ್ಟೋ ಹಿಂದಿನ ಕ್ರೈಸ್ತ ಪಂಡಿತ ಅಗಸ್ಟಿನ್ ಆಗಲೇ ಬಿಡಿಸಿ ಹೇಳಿದ್ದ. ಪೋಸ್ಟ್‌ಮ್ಯಾನ್‌ಗೆ ಖಾಕಿ ಇದ್ದಂಗೆ ರೆಕ್ಕೆ. ಮೊದಮೊದಲ ಕ್ರೈಸ್ತ ಚಿತ್ರಗಳಲ್ಲಿ ಅದೂ ಇರ್ಲಿಲ್ಲ, ಬರೀ ಮನುಷ್ಯರ ತರಾನೇ ಬಿಡಿಸ್ತಿದ್ರು.

ಪ್ರಶ್ನೆ: ಮೈ ಇಲ್ದೋರು ಎಲ್ಲಿರ್ತಾರೆ? ಸೂಜಿ ಮೊನೆ ಮೇಲೆ ಎಷ್ಟು ದೇವದೂತರು ಕುಣೀಬಹುದು ಅಂತ ಹಿಂದಿನವ್ರು ಚರ್ಚೆ ಮಾಡ್ತಿದ್ರಂತೆ? (ನಿವೃತ್ತ ಶಿಕ್ಷಕರು, ಸಾಗರ)

ಸರ್, ಕೊಡಪಾನದಲ್ಲಿ ನೀರು ಇದ್ದಂಗೆ ಅವ್ರು ಜಾಗದಲ್ಲಿ ಇರಲ್ಲ. ಎಲ್ಲಿ ಅವರ ಶಕ್ತಿ ಕೆಲಸ ಮಾಡತ್ತೋ ಅಲ್ಲಿದಾರೆ ಅಂತ ಥಾಮಸ್‌ನ ಲೆಕ್ಕ. ನಮ್ಮ ಕಡೆ ಮನೆ ಕಟ್ಟೋಕೆ ಹೊರಟಾಗ ಹಿರಿಯರು "ಅಲ್ಲಿ ಬ್ಯಾಡ, ಭೂತದ ನಡೆ ಇದೆ" ಅಂತಾರಲ್ಲ, ಆಗ ಯಾರೂ ಟೇಪ್ ಹಿಡ್ಕೊಂಡು ಭೂತದ ಅಗಲ ಎಷ್ಟು ಅಡಿ ಅಂತ ಕೇಳಲ್ಲ. ಅಲ್ಲಿ ಅದರ ಓಡಾಟ, ಅದರ ಆಟ ನಡೆಯತ್ತೆ ಅಂತ ಅರ್ಥ ಮಾಡ್ಕೊತೀವಿ. ಹೆಚ್ಚುಕಮ್ಮಿ ಅದೇ ಬುದ್ಧಿ.

ಆದ್ರೆ ಇದ್ರಲ್ಲೊಂದು ತೂತಿದೆ. ಕೆಲಸ ಮಾಡಿದ ಕಡೆ ಇರ್ತಾನೆ ಅಂದ್ರೆ, ಸುಮ್ನೆ ಕೂತಾಗ? ಎಲ್ಲೂ ಇಲ್ವಾ? 1277ರಲ್ಲಿ ಪ್ಯಾರಿಸ್‌ನ ಬಿಷಪ್ 219 ವಾದಗಳನ್ನ ನಿಷೇಧ ಮಾಡಿದಾಗ ಆ ಪಟ್ಟಿಲಿ ಇಂಥ ಮಾತೂ ಇತ್ತು. ಥಾಮಸ್ ಸತ್ತು ಮೂರೇ ವರ್ಷ ಆಗಿತ್ತು. ಬಿಷಪ್‌ರ ನಿಷೇಧ ನಂಗೆ ಇಷ್ಟ ಇಲ್ಲ, ಆದ್ರೆ ಪ್ರಶ್ನೆ ಸರಿಯಾದ ಪ್ರಶ್ನೆನೇ.

ಸೂಜಿ ಕತೆ ಮಾತ್ರ ಬಿಡಿ. ಅದು 17ನೇ ಶತಮಾನದ ಇಂಗ್ಲೆಂಡಿನ ಪ್ರಾಟೆಸ್ಟೆಂಟರು ಹಳೇ ಪಂಡಿತರನ್ನ ಆಡ್ಕೊಳ್ಳೋಕೆ ಬಳಸಿದ ಕುಹಕ. ಥಾಮಸ್ ನಿಜವಾಗ್ಲೂ ಕೇಳಿದ್ದು ಇಬ್ರು ಒಂದೇ ಕಡೆ ಇರಬಹುದಾ ಅಂತ. ಇಲ್ಲ ಅಂತ ಉತ್ತರ, ಯಾಕಂದ್ರೆ ಒಂದೇ ಕೆಲಸಕ್ಕೆ ಇಬ್ಬಿಬ್ರು ಪೂರ್ತಿ ಕಾರಣ ಆಗೋಕಾಗಲ್ಲ. ಹಂಗಾಗಿ ಸೂಜಿಗೆ ಒಬ್ನೇ, ಮುಗೀತು.

ಪ್ರಶ್ನೆ: ದೇವದೂತರಲ್ಲೂ ಜಾತಿ ಇದ್ಯಂತೆ, ಹೌದಾ? (ಕೊಪ್ಪ)

ನೀವು ಕೇಳಿದ ಅರ್ಥದಲ್ಲಿ ಇಲ್ಲ, ಆದ್ರೆ ಉತ್ತರ ಇನ್ನೂ ಮಜಾ ಇದೆ: ಒಬ್ಬೊಬ್ಬನೂ ಒಂದೊಂದು ಜಾತಿ! ನಿಮ್ಮ ತೋಟದಲ್ಲಿ ಅಕ್ಕಪಕ್ಕದ ಎರಡು ಅಡಿಕೆ ಮರ ತಗೊಳಿ. ಎರಡೂ ಅಡಿಕೆನೇ, ಆದ್ರೂ ಎರಡು. ಯಾಕೆ? ಇದರ ಮರ-ನಾರು ಬೇರೆ, ಅದರದ್ದು ಬೇರೆ. ಒಂದೇ ಜಾತೀಲಿ ಹತ್ತು ಮಂದಿ ಆಗ್ಬೇಕಾದ್ರೆ ಹಂಚ್ಕೊಳ್ಳೋಕೆ ದ್ರವ್ಯ ಬೇಕು, ದ್ರವ್ಯನೇ ಇಲ್ಲದ ಕಡೆ ಹಂಚೋದೇನನ್ನ? ಅದಕ್ಕೆ ಗೇಬ್ರಿಯಲ್‌ಗೂ ಮೈಕೆಲ್‌ಗೂ ಇರೋ ವ್ಯತ್ಯಾಸ ಇಬ್ರು ಮನುಷ್ಯರ ವ್ಯತ್ಯಾಸದಂಗಲ್ಲ, ಆನೆಗೂ ಅಡಿಕೆ ಮರಕ್ಕೂ ಇರೋ ಹಂಗೆ. ಡನ್ಸ್ ಸ್ಕಾಟಸ್ ಅನ್ನೋ ಇನ್ನೊಬ್ಬ ಕ್ರೈಸ್ತ ಪಂಡಿತ ಆಮೇಲೆ ಬಂದು ಇದನ್ನ ಒಪ್ಲಿಲ್ಲ, ಒಂದೇ ಜಾತೀಲಿ ಸುಮಾರು ದೇವದೂತರು ಇರಬಹುದು ಅಂದ.

ಪ್ರಶ್ನೆ: ನಮ್ಮ ದೇವತೆಗಳೂ ಹೀಗೇನಾ? (ಗೃಹಿಣಿ, ತೀರ್ಥಹಳ್ಳಿ)

ಅಕ್ಕ, ಈ ಪ್ರಶ್ನೆಗೋಸ್ಕರಾನೇ ನಾನು ಕಾಲಂ ಪೂರ್ತಿ ಇದಕ್ಕೆ ಕೊಟ್ಟಿದ್ದು. ನಿಮ್ಮೂರಿಂದ ಶೃಂಗೇರಿ ದೂರ ಏನಿಲ್ಲ, ಅಲ್ಲಿ ಪಾಠ ಆಗೋ ಶಂಕರರ ಬ್ರಹ್ಮಸೂತ್ರ ಭಾಷ್ಯದ ಮೊದಲ ಅಧ್ಯಾಯದ ಮೂರನೇ ಪಾದದಲ್ಲಿ ದೇವತಾಧಿಕರಣ ಅಂತ ಒಂದು ಭಾಗ ಇದೆ. ವೇದದ ಯಜ್ಞ-ಕರ್ಮವೇ ಮುಖ್ಯ ಅನ್ನೋ ಮೀಮಾಂಸಕರ ತಕರಾರು ಏನಂದ್ರೆ, ಇಂದ್ರನಿಗೆ ಮೈ ಇದೆ ಅಂತ ಒಪ್ಪಿದ್ರೆ ಒಂದೇ ಹೊತ್ತಲ್ಲಿ ನಾಲ್ಕು ಊರಲ್ಲಿ ಯಜ್ಞ ನಡೆದಾಗ ಅವನು ಯಾವ ಊರಿಗೆ ಹೋಗ್ತಾನೆ? ಆದ್ದರಿಂದ ಮೈ ಬೇಡ. ಶಂಕರರು ಮೈ ಇದೆ ಅಂತಾನೇ ಹೇಳ್ತಾರೆ, ಯೋಗಿಗಳೇ ಒಂದೇ ಹೊತ್ತಿಗೆ ಎಷ್ಟೋ ಮೈ ತಗೋತಾರಂತೆ, ಹುಟ್ಟಿನಿಂದಲೇ ಸಿದ್ಧಿ ಇರೋ ದೇವತೆಗೆ ಕಷ್ಟ ಏನು ಅಂತ. ಅಷ್ಟಕ್ಕೇ ಬಿಡಲ್ಲ, ಒಬ್ಬರು ಕೂತ ಕಡೆನೇ ಕೂತಿದ್ರೂ ಸುಮಾರು ಜನ ಒಟ್ಟಿಗೆ ನಮಸ್ಕಾರ ಮಾಡಬಹುದಲ್ವಾ, ಹಾಗೆ ಅಂತ ಇನ್ನೊಂದು ದಾರಿನೂ ತೋರಿಸ್ತಾರೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಥಾಮಸ್‌ನ ದೇವದೂತನಿಗೆ ಮೈಯೇ ಇಲ್ಲ, ಆದ್ರೆ ಒಂದು ಹೊತ್ತಿಗೆ ಒಂದೇ ಕಡೆ. ಶಂಕರರ ಇಂದ್ರನಿಗೆ ಮೈ ಇದೆ, ಆದ್ರೆ ಎಷ್ಟು ಕಡೆ ಬೇಕಾದ್ರೂ. ಮೈ ಬಿಟ್ಟೋನಿಗೆ ಕಟ್ಟು, ಮೈ ಇದ್ದೋನಿಗೆ ಬಿಡುಗಡೆ! ಇನ್ನು ಮುಸ್ಲಿಮರ ಹದೀಸ್‌ನಲ್ಲಿ, ಅಂದ್ರೆ ಪ್ರವಾದಿಯ ಮಾತುಗಳ ಸಂಗ್ರಹದಲ್ಲಿ, ಮಲಕ್‌ಗಳನ್ನ (ಅವರ ದೇವದೂತರು) ಬೆಳಕಿನಿಂದ, ಜಿನ್ನುಗಳನ್ನ ಬೆಂಕಿಯಿಂದ ಮಾಡಿದ್ದು ಅಂತ ಬರತ್ತೆ, ಅಂದ್ರೆ ಅಲ್ಲಿ ಏನೋ ಒಂದರಿಂದ ಆಗಿರೋರು. ಚೌಡಿ ಯಾವ ಲೆಕ್ಕಕ್ಕೆ ಬರ್ತಾಳೆ ಅಂತ ಕೇಳ್ಬೇಡಿ, ಕೋಳಿ ಕೇಳೋಳಿಗೆ ಮೈ ಇಲ್ಲ ಅಂತ ನಾನು ಹೇಳಲ್ಲ.

ಪ್ರಶ್ನೆ: ದೇವದೂತರಿಗೆ ನನ್ನ ಮನಸಲ್ಲಿರೋದು ಗೊತ್ತಾಗತ್ತಾ? ಸ್ವಲ್ಪ ಅರ್ಜೆಂಟ್. (ಹೆಸರು ಬೇಡ, ಹೊಸನಗರ)

ಅರ್ಜೆಂಟ್ ಯಾಕೆ ಅಂತ ಕೇಳಲ್ಲ. ಅವ್ರು ನಮ್ಮಂಗೆ ಒಂದರಿಂದ ಇನ್ನೊಂದು ಊಹೆ ಮಾಡಿ ಕಲಿಯೋರಲ್ಲ, ಕಲಿಕೆ ಹುಟ್ಟಿನಲ್ಲೇ ತುಂಬಿರತ್ತೆ, ಆದ್ರೂ ಮನಸಿನ ಗುಟ್ಟು ದೇವರಿಗೆ ಮಾತ್ರ ಅಂತಾನೆ ಥಾಮಸ್. ಮುಖ ಬಾಡಿದ್ದು, ಬಣ್ಣ ಬದಲಾಗಿದ್ದು ನೋಡಿ ಕಂಡುಹಿಡೀಬಹುದು ಅಷ್ಟೇ, ವೈದ್ಯರು ನಾಡಿ ಹಿಡಿದೇ ಒಳಗಿನ ಕಳವಳ ತಿಳಿಯೋ ಹಾಗೆ ಅಂತ ಉದಾಹರಣೆನೂ ಅವನದ್ದೇ. ಹಾಗಾಗಿ ನೀವು ಮುಖ ಒಂದು ಸರಿ ಇಟ್ಕೊಳಿ.