ಓದುಗರ ಪ್ರಶ್ನೆ: ಗಾಜು ತೊಳೆಯೋಕೆ ಎಷ್ಟು ಉದ್ದದ ಪೋಲ್ ಬೇಕು?

ಪ್ರಶ್ನೆ: ಸರ್, ನಾನು, ನನ್ನ ತಮ್ಮ ಸೇರಿ ಹೌಸ್‌ಕೀಪಿಂಗ್ ಕೆಲಸ ಹಿಡಿದು ಮಾಡುತ್ತೇವೆ. ಇಲ್ಲಿಯವರೆಗೆ ಏಣಿ, ವೈಪರ್, ಬಕೆಟ್ ಸಾಕಾಗಿತ್ತು. ಈಗ ಮೂರು ಅಂತಸ್ತಿನ ಮನೆಯವರು, ಒಂದೆರಡು ಶೋರೂಮಿನವರು ಹೊರಗಿನ ಗಾಜು ತೊಳೆಯಲು ಕರೆಯುತ್ತಿದ್ದಾರೆ. ತುದಿಯ ಬ್ರಷ್‌ನಲ್ಲಿ ನೀರು ಬರುವ ಉದ್ದನೆಯ ಪೋಲ್ ತಗೊಳ್ಳೋಣ ಅಂತಿದ್ದೇವೆ. ಅಂಗಡಿಯವರು 45 ಅಡಿಯದ್ದೇ ತಗೊಳ್ಳಿ, ಎಲ್ಲದಕ್ಕೂ ಆಗುತ್ತೆ ಅಂತಾರೆ. ಕಾರ್ಬನ್ ಒಳ್ಳೆಯದಾ, ಗ್ಲಾಸ್ ಫೈಬರ್ ಸಾಕಾ? – ಓದುಗರು, ವಿಜಯನಗರ

ಉತ್ತರ: ಏಣಿ ಬಿಟ್ಟು ನೆಲದ ಮೇಲೆ ನಿಂತು ಕೆಲಸ ಮಾಡೋಣ ಅಂದುಕೊಂಡಿದ್ದೀರಲ್ಲ, ಅದು ತುಂಬಾ ಒಳ್ಳೆಯ ಯೋಚನೆ. ನಮ್ಮ ಬೆಂಗಳೂರಲ್ಲಿ ಕಾಂಪೌಂಡಿಗೆ ಏಣಿ ಒರಗಿಸಿ ಎರಡನೇ ಮಹಡಿ ಗಾಜು ಒರೆಸುವ ಹುಡುಗರನ್ನು ಕಂಡರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆದರೆ ಪೋಲ್ ಆಮೇಲೆ. ಮೊದಲು ಒಂದು ಟಿಡಿಎಸ್ ಮೀಟರ್, ಅಂದರೆ ನೀರಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಮೀಟರ್ ತಗೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಯಾಕೆ ಅಂದರೆ, ಪೋಲ್ ಕೆಲಸದಲ್ಲಿ ಗಾಜನ್ನು ಒರೆಸುವುದೇ ಇಲ್ಲ. ಬ್ರಷ್ಷಿನಲ್ಲಿ ಉಜ್ಜಿ, ಅದೇ ನೀರಲ್ಲಿ ತೊಳೆದು, ಹಾಗೇ ಬಿಟ್ಟು ಬರುತ್ತೇವೆ. ನೀರು ತಾನೇ ಆರಬೇಕು. ನೀರಿನಲ್ಲಿ ಉಪ್ಪಿನಂಶ ಇದ್ದರೆ ನೀರು ಆರಿ ಉಪ್ಪು ಗಾಜಿನ ಮೇಲೆ ಕೂರುತ್ತದೆ. ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ಅದೇ. ಕುಡಿಯುವ ನೀರಿಗೆ ಸರ್ಕಾರಿ ಮಾನದಂಡದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಟಿಡಿಎಸ್ ಇದ್ದರೂ ಸರಿ. ಗಾಜಿಗೆ ಅದು ನಡೆಯಲ್ಲ. ಮೀಟರಿನಲ್ಲಿ ಸೊನ್ನೆ ಬರಬೇಕು. 10 ದಾಟಿತು ಅಂದರೆ ಕಲೆ ಕಾಣೋಕೆ ಶುರು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಒಂದೇ ಬೀದಿಯಲ್ಲಿ ಒಂದು ಮನೆಗೆ ಕಾವೇರಿ, ಪಕ್ಕದ ಮನೆಗೆ ಬೋರ್, ಅದರಾಚೆ ಟ್ಯಾಂಕರ್. ಎಷ್ಟೋ ಕಡೆ ಸಂಪಿನಲ್ಲಿ ಮೂರೂ ಬೆರೆತಿರುತ್ತವೆ. ಮಾಲೀಕರು ‘ಕಾವೇರಿ ನೀರೇ ಬನ್ನಿ’ ಅಂದಿದ್ದು ಅವರ ಮಟ್ಟಿಗೆ ನಿಜವೇ ಇರಬಹುದು. ನೀವು ಮಾತ್ರ ನಲ್ಲಿಯ ಕೆಳಗೆ ಮೀಟರ್ ಹಿಡಿದು ನೋಡಿಯೇ ಕೆಲಸಕ್ಕೆ ಇಳಿಯಿರಿ.

ನೀರು ಶುದ್ಧ ಮಾಡೋಕೆ ಎರಡು ಹಂತ. ಆರ್‌ಓ ಹೆಚ್ಚಿನ ಉಪ್ಪನ್ನೆಲ್ಲ ತೆಗೆಯುತ್ತದೆ. ಉಳಿದಿದ್ದನ್ನು ಡಿಐ ರೆಸಿನ್ ಅನ್ನುವ ಸಣ್ಣ ಮಣಿಗಳು ತುಂಬಿದ ಸಿಲಿಂಡರ್ ಹೀರಿಕೊಳ್ಳುತ್ತದೆ. ಬರೀ ರೆಸಿನ್ ಸಾಕು ಅಂತ ಮಾರುವವರಿದ್ದಾರೆ. ಕಡಿಮೆ ಉಪ್ಪಿನ ಕಾವೇರಿ ನೀರಿಗೆ ಅದೂ ನಡೆಯುತ್ತದೆ. ಆದರೆ ಟಿಡಿಎಸ್ 200 ಇರುವ ನೀರಿಗೆ ಹೋಲಿಸಿದರೆ 800 ಇರುವ ಬೋರ್ ನೀರಲ್ಲಿ ಅದೇ ರೆಸಿನ್ ಹೆಚ್ಚೂಕಡಿಮೆ ನಾಲ್ಕು ಪಟ್ಟು ಬೇಗ ಮುಗಿಯುತ್ತದೆ. ದುಡ್ಡೆಲ್ಲ ಅಲ್ಲೇ ಹೋಗುತ್ತದೆ. ಕಾವೇರಿ ನೀರಿಗೆ ಆರ್‌ಓ ಹಾಕುವುದಾದರೆ ಅದಕ್ಕೂ ಮೊದಲು ಒಂದು ಕಾರ್ಬನ್ ಫಿಲ್ಟರ್ ಇರಲೇಬೇಕು. ಇಲ್ಲವಾದರೆ ನೀರಿನಲ್ಲಿರುವ ಕ್ಲೋರಿನ್, ಆರ್‌ಓ ಒಳಗಿನ ಸೋಸುವ ಪೊರೆಯನ್ನು (ಮೆಂಬ್ರೇನ್) ಹಾಳು ಮಾಡುತ್ತದೆ. ಆರ್‌ಓ ಬೇಡ ಅಂತ ಹೊರಹಾಕುವ ಉಪ್ಪು ನೀರನ್ನು ಮೋರಿಗೆ ಬಿಡಬೇಡಿ. ಡ್ರಮ್ಮಿನಲ್ಲಿ ಹಿಡಿದಿಟ್ಟರೆ ನೆಲ ತೊಳೆಯೋಕೆ ಆಗುತ್ತದೆ.

ಈಗ ಪೋಲ್ ವಿಷಯ. 45 ಅಡಿಯದ್ದು ಬೇಡ. ದಿನಾ ಎಷ್ಟು ಎತ್ತರದ ಕೆಲಸವೋ ಅಷ್ಟಕ್ಕೆ ತಗೊಳ್ಳಿ, ವರ್ಷಕ್ಕೊಮ್ಮೆ ಬರುವ ಎತ್ತರಕ್ಕಲ್ಲ. ಮೂರು ಅಂತಸ್ತಿನ ಮನೆಯಲ್ಲಿ ಕೊನೆಯ ಕಿಟಕಿಯ ಮೇಲಂಚು ನೆಲದಿಂದ ಸುಮಾರು 28–30 ಅಡಿ ಇರುತ್ತದೆ. ನಿಮ್ಮ ಕೈ ಇರುವ ಎತ್ತರ ಸೇರಿಸಿಕೊಂಡರೆ 30 ಅಡಿ ಪೋಲ್ ಧಾರಾಳವಾಗಿ ಸಾಕು. ದೊಡ್ಡದನ್ನು ಚಿಕ್ಕ ಕೆಲಸಕ್ಕೆ ಬಳಸಿದರೆ ಏನಾಗುತ್ತೆ ಗೊತ್ತಾ? ಮೇಲಿನ ಸಣ್ಣ ಭಾಗಗಳನ್ನಷ್ಟೇ ಎಳೆದುಕೊಂಡಿರುತ್ತೀರಿ. ಕೆಳಗೆ ಒಂದರೊಳಗೊಂದು ಕೂತ ದಪ್ಪ ಭಾಗಗಳನ್ನು ದಿನವಿಡೀ ಸುಮ್ನೆ ಎತ್ತಿಕೊಂಡು ಓಡಾಡಬೇಕು. ಸಂಜೆ ಹೊತ್ತಿಗೆ ಹೆಗಲು ಬಿದ್ದುಹೋಗುತ್ತದೆ.

ಕಾರ್ಬನ್ನೋ ಗ್ಲಾಸ್ ಫೈಬರ್ರೋ ಅನ್ನುವುದೂ ಎತ್ತರದ ಮೇಲೇ ಇದೆ. 20 ಅಡಿಯೊಳಗೆ ಗ್ಲಾಸ್ ಫೈಬರ್ ಚೆನ್ನಾಗೇ ನಡೆಯುತ್ತದೆ, ಬೆಲೆಯೂ ಕಡಿಮೆ. ಅದರ ಮೇಲೆ ಹೋದರೆ ಬಳುಕುತ್ತದೆ. ನೀವು ಕೆಳಗೆ ತಳ್ಳಿದ ಒತ್ತಡ ಮೇಲಿನ ಬ್ರಷ್ಷಿಗೆ ಹೋಗುವುದೇ ಇಲ್ಲ, ಮಧ್ಯದಲ್ಲೇ ಪೋಲ್ ಬಾಗಿ ಮುಗಿದುಹೋಗುತ್ತದೆ. ಕಾರ್ಬನ್ ಹಗುರ, ಜೊತೆಗೆ ಬಿಗಿ. ನಾನಾದರೆ 30 ಅಡಿಗೆ ಕಾರ್ಬನ್ನೇ ತಗೊಳ್ಳುತ್ತೇನೆ. ದುಡ್ಡು ಸಾಲದು ಅನ್ನಿಸಿದರೆ ಎರಡೂ ಬೆರೆಸಿದ ಹೈಬ್ರಿಡ್ ಸಿಗುತ್ತದೆ. ಅಲ್ಯೂಮಿನಿಯಂ ಕಡೆ ಮಾತ್ರ ಹೋಗಲೇಬೇಡಿ.

ಅಂಗಡಿಯಲ್ಲಿ ಪೋಲನ್ನು ಮಡಚಿಟ್ಟಂತೆಯೇ ಕೈಗೆ ಕೊಟ್ಟು ‘ನೋಡಿ ಎಷ್ಟು ಹಗುರ’ ಅಂತಾರೆ. ಹಾಗೆ ನೋಡಿದರೆ ಏನೂ ಗೊತ್ತಾಗಲ್ಲ. ಹೊರಗೆ ತಂದು, ಮೇಲೆ ತಂತಿ ಇಲ್ಲದ ಜಾಗದಲ್ಲಿ ಪೂರ್ತಿ ಎಳೆದು, ಬ್ರಷ್ ಹಾಕಿ, ಗೋಡೆಗೆ ತಾಗಿಸಿ ಮೇಲೆ ಕೆಳಗೆ ಉಜ್ಜಿ ನೋಡಿ. ಆಮೇಲೆ ಭಾಗಗಳನ್ನು ಬಿಗಿಯಾಗಿ ಹಿಡಿದಿಡುವ ಕ್ಲಾಂಪ್‌ಗಳನ್ನು ಒಂದೊಂದಾಗಿ ಹಿಡಿದು ಅಲ್ಲಾಡಿಸಿ. ಕ್ಲಾಂಪ್ ಮುಚ್ಚಿದ ಮೇಲೂ ಒಳಗಿನ ಭಾಗ ತಿರುಗಿದರೆ ಆ ಪೋಲ್ ಬೇಡ. ಕ್ಲಾಂಪ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ, ಮೊದಲು ಕೈಕೊಡುವುದು ಅದೇ. ನಮ್ಮ ರಸ್ತೆಗಳ ಕೆಂಪು ಧೂಳು ನೀರಿನ ಜೊತೆ ಸೇರಿ ಭಾಗಗಳ ನಡುವೆ ಇಳಿಯುತ್ತದೆ. ಒಳಗೆ ಕೂತು ಮರಳು ಕಾಗದದ ಹಾಗೆ ಉಜ್ಜಿ ಉಜ್ಜಿ ಕಾರ್ಬನ್ ಸವೆಸುತ್ತದೆ. ಸಂಜೆ ಒಂದೊಂದು ಭಾಗ ಬಿಚ್ಚಿ, ತೊಳೆದು, ಓರೆಯಾಗಿ ನಿಲ್ಲಿಸಿ ಒಣಗಿಸಿ.

ಎತ್ತರಕ್ಕೆ ನೀರು ಏರಿಸೋಕೆ ದೊಡ್ಡ ಪಂಪೇನೂ ಬೇಡ. ಬ್ಯಾಟರಿಯಲ್ಲಿ ಓಡುವ 12 ವೋಲ್ಟಿನ ಸಣ್ಣ ಡಯಾಫ್ರಾಮ್ ಪಂಪು ಸಾಕು. ನಿಮಿಷಕ್ಕೆ ಒಂದೂವರೆ, ಎರಡು ಲೀಟರ್ ಬಂದರೆ ಕೆಲಸ ಸಲೀಸು.

ಕಿಟಕಿ ತೊಳೆಯುವಾಗ ಮೊದಲು ಮೇಲಿನ ಫ್ರೇಮ್ ಉಜ್ಜಿ. ಅಲ್ಲಿ ಕೂತ ಧೂಳು ಇಳಿದು ಮುಗಿದ ಮೇಲೇ ಗಾಜಿಗೆ ಬನ್ನಿ. ಇಲ್ಲದಿದ್ದರೆ ನೀವು ಹೋದ ಅರ್ಧ ಗಂಟೆಗೆ ಗಾಜಿನ ಮೇಲೆ ಕಂದು ಗೆರೆ ಇಳಿದು, ಮನೆಯವರ ಫೋನು ಬರುತ್ತದೆ. ಹೊರಗಡೆ ಗ್ರಿಲ್ ಇರುವ ಕಿಟಕಿಗೆ ಪೋಲ್ ಆಗಿಬರಲ್ಲ, ಅದನ್ನು ಮೊದಲೇ ಹೇಳಿಬಿಡಿ.

ಕೊನೆಗೆ, ಇದನ್ನು ತಮ್ಮನಿಗೂ ಓದಿ ಹೇಳಿ. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ಗ್ಲಾಸ್ ಫೈಬರ್ ಕೂಡ ಒದ್ದೆಯಾಗಿ ಕೊಳೆ ಹತ್ತಿದ ಮೇಲೆ ನಂಬುವಂಥದ್ದಲ್ಲ. ಹಳೇ ಬಡಾವಣೆಗಳಲ್ಲಿ ಮನೆ ಮುಂದೆಯೇ, ಮೊದಲ ಮಹಡಿಯ ಮಟ್ಟಕ್ಕೆ ತಂತಿ ಹೋಗಿರುತ್ತದೆ. ಪೂರ್ತಿ ಎಳೆದ ಪೋಲ್ ಕೈತಪ್ಪಿ ಯಾವ ಕಡೆಗೆ ಬಿದ್ದರೂ ತಂತಿಗೆ ತಾಗಬಾರದು, ಅಷ್ಟು ದೂರ ಇರಬೇಕು. ಅಷ್ಟು ಜಾಗ ಇಲ್ಲವಾದರೆ ಆ ಮನೆ ಕೆಲಸ ಒಪ್ಪಬೇಡಿ. ಎಷ್ಟೇ ದುಡ್ಡು ಕೊಟ್ಟರೂ ಒಪ್ಪಬೇಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಮಳೆ ನೀರು ಕೊಯ್ಲು ಇದೆ. ಆ ನೀರನ್ನು ಗಾಜು ತೊಳೆಯೋಕೆ ಬಳಸಬಹುದಾ? – ಓದುಗರು, ಬನಶಂಕರಿ

ಉತ್ತರ: ಬಳಸಬಹುದಾ ಅಂತೀರಾ ಮೇಡಂ, ಅದಕ್ಕಿಂತ ಒಳ್ಳೆಯ ನೀರು ಈ ಊರಲ್ಲಿ ಸಿಗಲ್ಲ! ಮಳೆ ನೀರಲ್ಲಿ ಉಪ್ಪಿನಂಶ ತೀರಾ ಕಡಿಮೆ. ಒಂದು ಸಣ್ಣ ಫಿಲ್ಟರ್ ದಾಟಿಸಿ ನೇರ ರೆಸಿನ್‌ಗೆ ಬಿಟ್ಟರೆ ಸಾಕು, ಆರ್‌ಓ ಬೇಕಾಗಲ್ಲ, ನೀರು ಪೋಲಾಗಲ್ಲ. 1,000 ಚದರಡಿ ಚಾವಣಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು. ನಿಮಿಷಕ್ಕೆ ಎರಡು ಲೀಟರಿನ ಲೆಕ್ಕದಲ್ಲಿ ಏಳು ಗಂಟೆ ಕೆಲಸಕ್ಕೆ ಬರುತ್ತದೆ. ಮೊದಲ ಮಳೆಯ ನೀರು ಮಾತ್ರ ಹೊರಗೆ ಬಿಡಿ, ಚಾವಣಿಯ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಅದರಲ್ಲೇ ಬರುತ್ತದೆ. ಸಿಮೆಂಟ್ ಸಂಪಿನಲ್ಲಿ ಬಹಳ ದಿನ ನಿಂತರೆ ಉಪ್ಪು ಸ್ವಲ್ಪ ಏರುತ್ತದೆ. ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಇಟ್ಟರೆ ಆ ಚಿಂತೆ ಇಲ್ಲ.

2024ರ ಮಾರ್ಚ್‌ನಲ್ಲಿ ನೀರಿಲ್ಲದೆ ಒದ್ದಾಡಿದಾಗ ಕುಡಿಯುವ ನೀರಲ್ಲಿ ಗಾಡಿ ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು, ನೆನಪಿದೆಯಲ್ವಾ? ಅಂಥ ಬೇಸಿಗೆ ಮತ್ತೆ ಬಂದರೂ ಮಳೆ ನೀರು ಹಿಡಿದಿಟ್ಟವರ ಕೆಲಸ ನಿಲ್ಲುವುದಿಲ್ಲ.

ಪ್ರಶ್ನೆ: ವರ್ಷಗಟ್ಟಲೆ ಬೋರ್ ನೀರು ಚಿಮ್ಮಿ ಬಾಲ್ಕನಿ ಗಾಜು ಬೆಳ್ಳಗಾಗಿದೆ. ಶುದ್ಧ ನೀರಿನ ಪೋಲ್ ತರಿಸಿದರೆ ಹೋಗುತ್ತದಾ? – ಓದುಗರು, ಜೆ.ಪಿ. ನಗರ

ಉತ್ತರ: ಹೋಗಲ್ಲ ಸರ್. ಶುದ್ಧ ನೀರು ಹೊಸ ಕಲೆ ಆಗದ ಹಾಗೆ ನೋಡಿಕೊಳ್ಳುತ್ತದೆ, ಗಟ್ಟಿಯಾಗಿ ಹಿಡಿದಿದ್ದನ್ನು ಬಿಡಿಸಲ್ಲ. ಮೂಲೆಯಲ್ಲಿ ಒಂದು ಅಂಗೈ ಅಗಲ ಜಾಗಕ್ಕೆ ವಿನಿಗರ್ ಅಥವಾ ಸಿಟ್ರಿಕ್ ಆಸಿಡ್ ಕಲಸಿದ ನೀರು ಹಚ್ಚಿ, ಐದು ನಿಮಿಷ ಬಿಟ್ಟು ಉಜ್ಜಿ ನೋಡಿ. ಬಿಟ್ಟರೆ ಪೂರ್ತಿ ಗಾಜಿಗೂ ಅದನ್ನೇ ಮಾಡಿ, ಆದರೆ ಮಾರ್ಬಲ್ ನೆಲಕ್ಕೆ ಬೀಳದ ಹಾಗೆ ನೋಡಿಕೊಳ್ಳಿ. ಬಿಡದಿದ್ದರೆ ಗಾಜೇ ತಿಂದುಹೋಗಿದೆ ಅಂತ ಅರ್ಥ. ಆಗ ಸೀರಿಯಂ ಆಕ್ಸೈಡ್ ಪುಡಿಯಲ್ಲಿ ಪಾಲಿಶ್ ಮಾಡಿಸಬೇಕು. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ತರಬೇಡಿ, ಅಲ್ಯೂಮಿನಿಯಂ ಫ್ರೇಮ್ ಹಾಳಾಗುತ್ತದೆ. ಗಾಜು ಸರಿಹೋದ ಮೇಲೆ ಬೋರ್ ನೀರಿನ ಪೈಪು ಆ ಕಡೆ ತಿರುಗಿಸದ ಹಾಗೆ ತೋಟದವರಿಗೆ ಹೇಳಿಡಿ.