ಲಂಬ್ರುಸ್ಕೊ ಅಂದರೆ ಸಿಹಿ ವೈನೇ? ಮಾಂಸ ತಿನ್ನದವರು ಅದನ್ನು ಯಾವುದರ ಜೊತೆ ಕುಡಿಯಬಹುದು?

ಲಂಬ್ರುಸ್ಕೊ ಇಟಲಿಯ ಗುಳ್ಳೆಯೇಳುವ ಕೆಂಪು ವೈನ್, ಅದೆಲ್ಲ ಸಿಹಿ ಇರುವುದಿಲ್ಲ. ಬೆಂಗಳೂರಿನಲ್ಲಿ ಕುಡಿದ ಬಾಟಲಿ ತೀರಾ ಸಿಹಿಯಾಗಿತ್ತು, ಈಗ ಅದರ ತವರಾದ ಮೊಡೆನಾ ನಗರದ ಕಡೆಗೆ ಹೊರಟಿದ್ದೀರಿ, ಅಲ್ಲಿ ಮತ್ತೊಮ್ಮೆ ಕುಡಿದು ನೋಡಬೇಕೇ ಎಂದು ಕೇಳಿದ್ದೀರಿ. ಖಂಡಿತ ನೋಡಿ. ಲೇಬಲ್ ಮೇಲೆ ‘ಸೆಕ್ಕೊ’ ಎಂದಿದ್ದರೆ ಸಿಹಿ ಇಲ್ಲದ್ದು, ‘ಅಮಾಬಿಲೆ’ ಎಂದಿದ್ದರೆ ಸಾಕಷ್ಟು ಸಿಹಿ, ‘ದೋಲ್ಚೆ’ ಎಂದಿದ್ದರೆ ಪೂರಾ ಸಿಹಿ. 1970-80ರ ದಶಕಗಳಲ್ಲಿ ಅಮೆರಿಕಕ್ಕೆ ಸಿಹಿ ಲಂಬ್ರುಸ್ಕೊ ಭಾರಿ ಪ್ರಮಾಣದಲ್ಲಿ ಹೋಯಿತು. ಹೊರದೇಶಗಳಲ್ಲಿ ಇದಕ್ಕೆ ಅಗ್ಗದ ವೈನ್ ಎಂಬ ಹೆಸರು ಬಂದದ್ದು ಹಾಗೆ. ಕೆಲಸದ ಮೇಲೆ ಮೊಡೆನಾದಲ್ಲಿದ್ದಾಗ ಊಟದ ಮೇಜಿನ ಮೇಲೆ ನಾನು ಕಂಡದ್ದು ಹೆಚ್ಚಾಗಿ ಸೆಕ್ಕೊ.

ಲಂಬ್ರುಸ್ಕೊ ಎನ್ನುವುದು ಒಂದೇ ದ್ರಾಕ್ಷಿಯಲ್ಲ, ಅದೊಂದು ದೊಡ್ಡ ಕುಟುಂಬ. ಅದರಲ್ಲಿ ನನಗೆ ಅತಿ ಪ್ರಿಯವಾದದ್ದು ಸೊರ್ಬಾರಾ. ಮೊಡೆನಾದ ಉತ್ತರಕ್ಕೆ, ಸೆಕ್ಕಿಯಾ ಮತ್ತು ಪನಾರೊ ನದಿಗಳ ನಡುವಿನ ಬಯಲಲ್ಲಿ ಬೆಳೆಯುತ್ತದೆ. ಈ ಬಳ್ಳಿಯ ಪರಾಗಕ್ಕೆ ಕಾಯಿ ಕಟ್ಟಿಸುವ ಶಕ್ತಿ ಇಲ್ಲ. ಅದಕ್ಕಾಗಿ ಪಕ್ಕದಲ್ಲೇ ಸಲಮಿನೊ ಎಂಬ ಇನ್ನೊಂದು ಲಂಬ್ರುಸ್ಕೊ ಬಳ್ಳಿಯನ್ನು ನೆಡುತ್ತಾರೆ. ಅಷ್ಟಾದರೂ ಗೊಂಚಲಿನಲ್ಲಿ ಎಷ್ಟೋ ಕಾಯಿ ಬಲಿಯದೆ ಚಿಕ್ಕದಾಗಿಯೇ ಉಳಿದುಬಿಡುತ್ತವೆ. ಇಷ್ಟು ತೊಂದರೆ ಕೊಡುವ ಬಳ್ಳಿಯನ್ನು ರೈತರು ಇನ್ನೂ ಬಿಟ್ಟಿಲ್ಲ ಎಂದರೆ ಅದರ ವೈನ್ ಎಂಥದ್ದಿರಬೇಕು ನೋಡಿ. ಪುನರ್ಪುಳಿ ಶರಬತ್ತಿನಂಥ ತಿಳಿಗೆಂಪು, ಸ್ಟ್ರಾಬೆರಿ ಮತ್ತು ಹೂವಿನ ಪರಿಮಳ, ಚುರುಕಾದ ಹುಳಿ. ಕುಡಿದ ಮೇಲೆ ಬಾಯಿ ಸ್ವಚ್ಛವಾಗಿ, ಇನ್ನೊಂದು ತುತ್ತು ಬೇಕೆನಿಸುತ್ತದೆ.

ಗ್ರಾಸ್ಪರೊಸ್ಸಾ ಇದಕ್ಕೆ ವಿರುದ್ಧ. ಮೊಡೆನಾದ ದಕ್ಷಿಣಕ್ಕೆ ಕಸ್ತೆಲ್ವೆತ್ರೊ ಸುತ್ತಲಿನ ಗುಡ್ಡಗಳದ್ದು. ಕಡುನೇರಳೆ ಬಣ್ಣ, ಕಪ್ಪು ಚೆರಿಯ ರುಚಿ, ನಾಲಿಗೆ ಹಿಡಿಯುವ ಒಗರು. ಸಲಮಿನೊ ಈ ಎರಡರ ನಡುವೆ ನಿಲ್ಲುತ್ತದೆ. ಮೂರಕ್ಕೂ 1970ರಲ್ಲೇ ಡಿಓಸಿ, ಅಂದರೆ ಇಂಥದೇ ಸೀಮೆಯ ವೈನ್ ಎಂಬ ಇಟಲಿಯ ಅಧಿಕೃತ ಮಾನ್ಯತೆ ಸಿಕ್ಕಿದೆ.

ಗುಳ್ಳೆ ಬರುವುದು ಎರಡನೇ ಸಲದ ಹುದುಗುವಿಕೆಯಿಂದ. ಈಗ ಬಹುಪಾಲು ಅದು ನಡೆಯುವುದು ಮುಚ್ಚಿದ ದೊಡ್ಡ ಉಕ್ಕಿನ ಟ್ಯಾಂಕಿನಲ್ಲಿ. ಈ ವಿಧಾನಕ್ಕೆ 1895ರಲ್ಲಿ ಪೇಟೆಂಟ್ ಪಡೆದವರು ಇಟಲಿಯ ಫೆದೆರಿಕೊ ಮಾರ್ತಿನೊತ್ತಿ. ಕೆಲವರು ಹಳೆಯ ಕ್ರಮದಲ್ಲಿ ಬಾಟಲಿಯೊಳಗೇ ಹುದುಗಿಸುತ್ತಾರೆ. ಅಂಥ ಬಾಟಲಿಯ ತಳದಲ್ಲಿ ಗಷ್ಟು ಕಂಡರೆ ಗಾಬರಿಯಾಗಬೇಡಿ, ಅದು ಕೆಟ್ಟದ್ದಲ್ಲ, ಯೀಸ್ಟ್. ಸೊರ್ಬಾರಾದಲ್ಲಿ ಇಂಥದ್ದು ಸಿಕ್ಕರೆ ಬಿಡಲೇಬೇಡಿ.

ಇನ್ನು ಊಟ. ಮೊಡೆನಾ ಇರುವ ಎಮಿಲಿಯಾ ಸೀಮೆಯ ಅಡುಗೆಯಲ್ಲಿ ಹಂದಿಮಾಂಸ, ಬೆಣ್ಣೆ, ಚೀಸ್ ಎಲ್ಲವೂ ಧಾರಾಳ. ಆ ಜಿಡ್ಡನ್ನು ಹುಳಿಯೂ ಗುಳ್ಳೆಯೂ ಕತ್ತರಿಸುತ್ತವೆ, ಈ ವೈನ್ ಅಲ್ಲಿ ಬೇರೂರಿದ್ದು ಅದಕ್ಕೇ. ಮಾಂಸ ತಿನ್ನದ ನಿಮಗೆ ನನ್ನ ಮೊದಲ ಸಲಹೆ ತೊರ್ತೆಲ್ಲಿ ದಿ ಜುಕ್ಕಾ: ಸಿಹಿಗುಂಬಳದ ಹೂರಣ ತುಂಬಿದ ಪಾಸ್ತಾ, ಮೇಲೆ ಬೆಣ್ಣೆ. ರೆಜ್ಜೊ ಎಮಿಲಿಯಾ ಮತ್ತು ಮಾಂತೊವಾ ಕಡೆಯ ತಿನಿಸು ಇದು. ಕುಂಬಳದ ಸಿಹಿಗೆ ಸೊರ್ಬಾರಾದ ಹುಳಿ ಎಷ್ಟು ಹೊಂದುತ್ತದೆ ಎಂದರೆ, ಇದೊಂದಕ್ಕಾಗಿಯಾದರೂ ಆ ಕಡೆ ಹೋಗಬಹುದು. ಆದರೆ ವಿಚಾರಿಸಿಕೊಂಡೇ ತಿನ್ನಿ. ಹೂರಣಕ್ಕೆ ಪಾರ್ಮಿಜಾನೊ ರೆಜ್ಜಾನೊ ಚೀಸ್ ಹಾಕುತ್ತಾರೆ. ಅದರ ಹಾಲನ್ನು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ನೋಡಲು ಪೂರಿಯಂತೆ ಉಬ್ಬಿರುವ ನ್ಯೋಕ್ಕೊ ಫ್ರಿತ್ತೊವನ್ನು ಸಂಪ್ರದಾಯದಂತೆ ಹಂದಿಕೊಬ್ಬಿನಲ್ಲಿ ಕರಿಯುತ್ತಾರೆ. ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ, ಕೇಳಿ ತಿಳಿದುಕೊಳ್ಳಿ.

ವಾಪಸು ಬರುವಾಗ ಒಂದು ಬಾಟಲಿ ತಂದರೆ ಈರುಳ್ಳಿ ಬಜ್ಜಿಯ ಜೊತೆ ಸೊರ್ಬಾರಾ ಸೆಕ್ಕೊ ಕುಡಿದು ನೋಡಿ. ಮೆಣಸಿನಕಾಯಿ ಬಜ್ಜಿಗೆ ಮಾತ್ರ ಬೇಡ, ಗುಳ್ಳೆ ಖಾರದ ಉರಿಯನ್ನು ಹೆಚ್ಚಿಸುತ್ತದೆ. ಅಂಥ ಖಾರಕ್ಕೆ ಸಿಹಿ ಇರುವ ಅಮಾಬಿಲೆಯೇ ವಾಸಿ. ಯಾವುದಾದರೂ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಕುಡಿಯಿರಿ, ವರ್ಷಗಟ್ಟಲೆ ಎತ್ತಿಡಬೇಡಿ. ಬಹುಪಾಲು ಲಂಬ್ರುಸ್ಕೊ ಹೊಸದಿದ್ದಾಗಲೇ ರುಚಿ.